ಹಿಮ್ಮಡಿಯ ಅಕಿಲಿಸ್ ಸರ್ಜರಿ ಆದ ಮೇಲೆ: ಮತ್ತೆ ತುದಿಗಾಲಲ್ಲಿ ನಿಲ್ಲುವವರೆಗೆ

ಭಾನುವಾರ ಬೆಳಿಗ್ಗೆ ಬ್ಯಾಡ್ಮಿಂಟನ್ ಆಡುತ್ತಿದ್ದೆ. ನೆಟ್ ಹತ್ತಿರ ಬಿದ್ದ ಶಟಲ್ ಎತ್ತಲು ಎಡಗಾಲು ಒತ್ತಿ ಮುಂದೆ ನುಗ್ಗಿದೆ. ಹಿಂದಿನಿಂದ ಯಾರೋ ಜೋರಾಗಿ ಒದ್ದ ಹಾಗಾಯಿತು. ತಿರುಗಿ ನೋಡಿದರೆ ಹಿಂದೆ ಯಾರೂ ಇರಲಿಲ್ಲ. ಅಕಿಲಿಸ್ ಟೆಂಡನ್ ಹರಿದುಕೊಂಡ ಬಹಳ ಜನ ಇದೇ ಮಾತು ಹೇಳುತ್ತಾರೆ. ಐದು ದಿನಕ್ಕೆ ಸರ್ಜರಿ ಆಯಿತು. ಮತ್ತೆ ಕೋರ್ಟಿಗೆ ಇಳಿಯಲು ಹನ್ನೊಂದು ತಿಂಗಳು ಬೇಕಾಯಿತು.

ಮನೆಯಲ್ಲಿ ಎಲ್ಲರೂ ಇದನ್ನು 'ನರ ಕಟ್ ಆಗಿದೆ' ಎಂದೇ ಹೇಳುತ್ತಿದ್ದರು. ಅದು ನರವಲ್ಲ. ಮೀನಖಂಡವನ್ನು ಹಿಮ್ಮಡಿಯ ಮೂಳೆಗೆ ಕಟ್ಟಿರುವ ದಪ್ಪ ಹಗ್ಗ ಅದು. ನಮ್ಮ ದೇಹದಲ್ಲಿರುವ ಅತಿ ದಪ್ಪ, ಅತಿ ಗಟ್ಟಿ ಟೆಂಡನ್ ಇದೇ. ಸಾಮಾನ್ಯವಾಗಿ ಹಿಮ್ಮಡಿ ಮೂಳೆಯಿಂದ 2ರಿಂದ 6 ಸೆಂ.ಮೀ. ಮೇಲೆ ಹರಿಯುತ್ತದೆ. ಆ ಜಾಗಕ್ಕೆ ರಕ್ತ ಹರಿಯುವುದು ಕಡಿಮೆ, ಅದಕ್ಕೇ ವಾಸಿಯಾಗುವುದೂ ನಿಧಾನ.

ಹೊಲಿಗೆ ಹಾಕುವುದು ಸರ್ಜನ್ ಕೆಲಸ. ಆಮೇಲಿನ ಕೆಲಸ ಪೂರ್ತಿ ನಮ್ಮದು. ಇಲ್ಲಿ ಎರಡು ಅಪಾಯ ಇವೆ. ಒಂದು, ಟೆಂಡನ್ ಮತ್ತೆ ಹರಿಯುವುದು. ಇದು ಎಲ್ಲರಿಗೂ ಗೊತ್ತು, ಎಲ್ಲರೂ ಹೆದರುತ್ತಾರೆ. ಇನ್ನೊಂದು, ಟೆಂಡನ್ ಉದ್ದವಾಗಿಬಿಡುವುದು. ಇದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಈ ಬರಹದಲ್ಲಿ ನಾನು ಮತ್ತೆ ಮತ್ತೆ ಇದಕ್ಕೇ ಬರುತ್ತೇನೆ.

ಬಟ್ಟೆ ಒಣಹಾಕುವ ಹಗ್ಗ ನೆನಪಿಸಿಕೊಳ್ಳಿ. ಎರಡೂ ತುದಿ ಗಟ್ಟಿಯಾಗಿ ಕಟ್ಟಿದ್ದರೂ ಹಗ್ಗ ಉದ್ದ ಇದ್ದರೆ ಜೋಲು ಬೀಳುತ್ತದೆ. ಟೆಂಡನ್ ಕೂಡ ಹಾಗೆಯೇ. ಅದು ಎಳೆದು ಉದ್ದವಾಗಿ ಕೂಡಿಕೊಂಡರೆ, ಮೀನಖಂಡ ಎಷ್ಟು ಬಲ ಹಾಕಿದರೂ ಹಿಮ್ಮಡಿ ಪೂರ್ತಿ ಮೇಲೇಳುವುದಿಲ್ಲ. ಬಿಗಿಯಾಗಿರುವ ಟೆಂಡನ್ ಅನ್ನು ನಿಧಾನವಾಗಿ ಸಡಿಲ ಮಾಡಬಹುದು. ಉದ್ದವಾದದ್ದನ್ನು ಯಾವ ವ್ಯಾಯಾಮವೂ ಗಿಡ್ಡ ಮಾಡುವುದಿಲ್ಲ.

ಶುರು ಮಾಡುವ ಮೊದಲು

ನಾನು ಇಲ್ಲಿ ಬರೆಯುವ ವಾರಗಳು ಸಾಮಾನ್ಯ ಲೆಕ್ಕ. ಹರಿದ ಜಾಗ, ಹೊಲಿಗೆಯ ವಿಧ, ವಯಸ್ಸು, ಸಕ್ಕರೆ ಕಾಯಿಲೆ, ಇವೆಲ್ಲದರ ಮೇಲೆ ಲೆಕ್ಕ ಬದಲಾಗುತ್ತದೆ. ಆಸ್ಪತ್ರೆಯಿಂದ ಹೊರಡುವ ಮೊದಲು ಸರ್ಜನ್ ಹತ್ತಿರ ಮೂರು ಪ್ರಶ್ನೆ ಕೇಳಿ. ಕಾಲಿನ ಮೇಲೆ ಭಾರ ಯಾವಾಗಿಂದ, ಎಷ್ಟು ಹಾಕಬಹುದು? ಪಾದವನ್ನು ಮೇಲಕ್ಕೆ ಎಲ್ಲಿಯವರೆಗೆ ಬಗ್ಗಿಸಬಹುದು? ಕಾಲಿಗೆ ಆಸರೆಯಾಗಿ ಹಾಕುವ ಬೂಟು ಯಾವಾಗ ಬಿಚ್ಚಬಹುದು? ಉತ್ತರ ಕಾಗದದ ಮೇಲೆ ಬರೆಸಿಕೊಳ್ಳಿ. ಅವರು ಹೇಳಿದ್ದಕ್ಕೂ ನಾನು ಬರೆದದ್ದಕ್ಕೂ ವ್ಯತ್ಯಾಸ ಇದ್ದರೆ ಅವರ ಮಾತೇ ಸರಿ. ವಾರಗಳನ್ನು ಹರಿದ ದಿನದಿಂದ ಅಲ್ಲ, ಸರ್ಜರಿ ದಿನದಿಂದ ಎಣಿಸಿ.

ಮೊದಲ ಎರಡು ವಾರ

ಪಾದ ಕೆಳಮುಖವಾಗಿ ಇರುವ ಹಾಗೆ ಪ್ಲಾಸ್ಟರ್ ಸ್ಲ್ಯಾಬ್ ಅಥವಾ ಬೂಟು ಹಾಕಿರುತ್ತಾರೆ. ಟೆಂಡನ್ ಮೇಲೆ ಎಳೆತ ಬೀಳಬಾರದು ಎಂದು ಈ ವ್ಯವಸ್ಥೆ. ಈ ಹದಿನಾಲ್ಕು ದಿನದ ದೊಡ್ಡ ಕೆಲಸ ಗಾಯ ಒಣಗುವುದು. ಮಲಗಿ, ದಿಂಬುಗಳ ಮೇಲೆ ಕಾಲನ್ನು ಎದೆಗಿಂತ ಎತ್ತರಕ್ಕೆ ಇಡಿ. ಕುರ್ಚಿಯಲ್ಲಿ ಕೂತು ಎದುರಿನ ಸ್ಟೂಲಿನ ಮೇಲೆ ಇಟ್ಟರೆ ಸಾಲದು, ಊತ ಇಳಿಯುವುದಿಲ್ಲ. ಸಿಗರೇಟು ಸೇದುವವರು ಈಗಲಾದರೂ ಬಿಡಿ. ಸೇದುವವರಲ್ಲಿ ಈ ಗಾಯ ಬೇಗ ಕೂಡುವುದಿಲ್ಲ.

ವ್ಯಾಯಾಮ ಈಗಲೇ ಶುರು, ಆದರೆ ಪಾದದ ಕೀಲಿಗೆ ಅಲ್ಲ. ಎಚ್ಚರ ಇರುವಾಗೆಲ್ಲ ಗಂಟೆಗೊಮ್ಮೆ ಕಾಲ್ಬೆರಳುಗಳನ್ನು 20 ಸಲ ಮೆಲ್ಲಗೆ ಆಡಿಸಿ. ಕಾಲು ಚಾಚಿ ಮಂಡಿಯನ್ನು ಹಾಸಿಗೆಗೆ ಒತ್ತಿ, ತೊಡೆ ಬಿಗಿ ಹಿಡಿದು 5 ಎಣಿಸಿ ಬಿಡಿ. ಇದು 10 ಸಲ, ದಿನಕ್ಕೆ ಮೂರು ಹೊತ್ತು. ಮಂಡಿ ಮಡಚದೆ ಇಡೀ ಕಾಲನ್ನು ಒಂದು ಅಡಿ ಮೇಲೆತ್ತಿ ಇಳಿಸಿ. ಮಗ್ಗುಲಲ್ಲಿ ಮಲಗಿ ಮೇಲಿನ ಕಾಲನ್ನು ಎತ್ತಿ ಇಳಿಸಿ. ಬೋರಲು ಮಲಗಿ ಕಾಲನ್ನು ಹಿಂದಕ್ಕೆ ಎತ್ತಿ. ಪ್ರತಿಯೊಂದೂ 10 ಸಲ. ಪ್ಲಾಸ್ಟರ್ ಭಾರ ಇರುವುದರಿಂದ ಇದೇ ಸಾಕಷ್ಟು ಕಷ್ಟ. ತೊಡೆ ಮತ್ತು ಸೊಂಟದ ಬಲ ಎಷ್ಟು ಬೇಗ ಕರಗುತ್ತದೆ ಎಂದು ನಾನು ಎಣಿಸಿರಲಿಲ್ಲ. ಎರಡನೇ ವಾರಕ್ಕೇ ತೊಡೆ ಮೆತ್ತಗಾಗಿತ್ತು.

ಊರುಗೋಲು ಅಥವಾ ವಾಕರ್ ಹಿಡಿದು ಓಡಾಡಿ. ಮೆಟ್ಟಿಲಿಗೆ ಒಂದೇ ನಿಯಮ: ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಬಚ್ಚಲುಮನೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಇಟ್ಟು, ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ ಕೂತು ಸ್ನಾನ ಮಾಡಿ. ನೆಲ ಒರೆಸಿ ಒಣಗಿಸಿದ ಮೇಲೆಯೇ ಏಳಿ.

ಈ ಹಂತದಲ್ಲಿ ಒಂದು ವಿಷಯ ತಡಮಾಡುವಂಥದ್ದಲ್ಲ. ಮೀನಖಂಡ ಅಥವಾ ತೊಡೆ ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಅದೇ ದಿನ ಡಾಕ್ಟರಿಗೆ ತೋರಿಸಿ. ಜೊತೆಗೆ ಎದೆನೋವು, ಉಸಿರಾಟದ ತೊಂದರೆ ಬಂದರೆ ರಾತ್ರಿ ಎರಡು ಗಂಟೆಯಾದರೂ ಸರಿ, ಎಮರ್ಜೆನ್ಸಿಗೆ ಹೋಗಿ. ಗಾಯ ಕೆಂಪಾಗಿ ಕೀವು ಬಂದರೆ, ಜ್ವರ ಬಂದರೆ ಕೂಡ ತಕ್ಷಣ ಫೋನ್ ಮಾಡಿ. ರಕ್ತ ತೆಳುವಾಗುವ ಔಷಧಿ ಕೊಟ್ಟಿದ್ದರೆ ಒಂದು ದಿನವೂ ತಪ್ಪಿಸಬೇಡಿ.

ಎರಡರಿಂದ ಆರು ವಾರ: ಬೂಟಿನ ದಿನಗಳು

ಹೊಲಿಗೆ ಬಿಚ್ಚಿದ ಮೇಲೆ ವಾಕಿಂಗ್ ಬೂಟು ಬರುತ್ತದೆ. ಅದರೊಳಗೆ ಹಿಮ್ಮಡಿಯ ಕೆಳಗೆ ಬೆಣೆಯಂಥ ತುಂಡುಗಳು ಇರುತ್ತವೆ. ಒಂದೆರಡು ವಾರಕ್ಕೆ ಒಂದರಂತೆ ತೆಗೆಯುತ್ತಾ ಪಾದವನ್ನು ನೇರಕ್ಕೆ ತರುತ್ತಾರೆ. ಆರಾಮಾಗಿದೆ ಎಂದು ನೀವೇ ಒಂದು ತುಂಡು ಮುಂಚೆ ತೆಗೆಯಬೇಡಿ. ರಾತ್ರಿಯೂ ಬೂಟು ಹಾಕಿ ಮಲಗಿ ಎಂದಿದ್ದರೆ ಹಾಗೆಯೇ ಮಾಡಿ. ನಿದ್ದೆಗಣ್ಣಲ್ಲಿ ಎದ್ದು ಬರಿಗಾಲು ಊರಿದರೆ ಕಷ್ಟ.

ಬೂಟಿನಿಂದ ಒಂದು ಕಾಲು ಎತ್ತರವಾಗುತ್ತದೆ. ಹಾಗೇ ನಡೆದರೆ ಸೊಂಟ ನೋವು ಖಂಡಿತ. ಇನ್ನೊಂದು ಕಾಲಿಗೆ ದಪ್ಪ ಅಟ್ಟೆಯ ಶೂ ಹಾಕಿಕೊಳ್ಳಿ, ಮನೆಯೊಳಗೂ.

ಭಾರ ಹಾಕಲು ಅನುಮತಿ ಸಿಕ್ಕಿದ ಮೇಲೆ ಮನೆಯ ತೂಕದ ಮೆಷಿನ್ ತನ್ನಿ. ಬೂಟು ಹಾಕಿದ ಕಾಲನ್ನು ಅದರ ಮೇಲಿಟ್ಟು ಎಷ್ಟು ಕಿಲೋ ಬೀಳುತ್ತಿದೆ ನೋಡಿ. ನಿಮ್ಮ ತೂಕ 70 ಕಿಲೋ, ಕಾಲು ಭಾಗ ಹಾಕಿ ಎಂದಿದ್ದಾರೆ ಎಂದುಕೊಳ್ಳಿ. ಸುಮಾರು 17 ಕಿಲೋ ಹೇಗಿರುತ್ತದೆ ಎಂದು ಕಾಲಿಗೆ ಆಗ ಅರ್ಥವಾಗುತ್ತದೆ.

ಪಾದದ ಕೀಲಿನ ವ್ಯಾಯಾಮ ಈಗ ಶುರು. ಮಂಚದ ಅಂಚಿಗೆ ಕೂತು, ಮಂಡಿ ಮಡಚಿ, ಬೂಟು ಬಿಚ್ಚಿ, ಪಾದವನ್ನು ಇಳಿಬಿಡಿ. ಮುಂಗಾಲನ್ನು ನೆಲದ ಕಡೆ ತಳ್ಳಿ. ಆಮೇಲೆ ನಿಧಾನವಾಗಿ ವಾಪಸ್ ತನ್ನಿ. ವಾಪಸ್ ತರುವಾಗ ಒಂದು ಗಡಿ ಇದೆ: ಪಾದ ಮತ್ತು ಮೊಣಕಾಲಿನ ಕೆಳಭಾಗ ಎಲ್-ಆಕಾರಕ್ಕೆ, ಅಂದರೆ 90 ಡಿಗ್ರಿಗೆ ಬಂದರೆ ನಿಲ್ಲಿಸಿ. ಸರ್ಜನ್ ಅದಕ್ಕೂ ಮುಂಚೆಯೇ ಗಡಿ ಹಾಕಿದ್ದರೆ ಅಲ್ಲಿಗೇ ನಿಲ್ಲಿಸಿ. ಅದರಿಂದಾಚೆ ಬೇಡ, ಕೈಯಿಂದ ಎಳೆಯುವುದಂತೂ ಬೇಡವೇ ಬೇಡ. ಇದು 15 ಸಲ, ದಿನಕ್ಕೆ ಮೂರು ನಾಲ್ಕು ಹೊತ್ತು. ಹಾಗೆಯೇ ಪಾದವನ್ನು ಒಳಗೆ, ಹೊರಗೆ ಮೆಲ್ಲಗೆ ತಿರುಗಿಸಿ.

ನಾಲ್ಕನೇ ವಾರದ ಹೊತ್ತಿಗೆ ಫಿಸಿಯೋ ಒತ್ತುವ ವ್ಯಾಯಾಮ ಸೇರಿಸಬಹುದು. ಪಾದ ಕೆಳಮುಖವಾಗಿಯೇ ಇರಲಿ. ಅಂಗಾಲಿನ ಮುಂಭಾಗಕ್ಕೆ ದಿಂಬು ಕೊಟ್ಟು, ಪಾದ ಅಲುಗದ ಹಾಗೆ ಮೆಲ್ಲಗೆ ಒತ್ತಿ 5 ಎಣಿಸಿ ಬಿಡಿ. ಮಲಗಿದ್ದ ಮೀನಖಂಡ ಎಚ್ಚರವಾಗುವುದು ಇದರಲ್ಲೇ. ಗಾಯ ಪೂರ್ತಿ ಮುಚ್ಚಿ ಹಕ್ಕಳೆ ಉದುರಿದ ಮೇಲೆ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ, ಕಲೆಯ ಮೇಲಿನ ಚರ್ಮವನ್ನು ಬೆರಳಿನಿಂದ ಸಣ್ಣಗೆ ಸುತ್ತು ತಿರುಗಿಸಿ. ಚರ್ಮ ಒಳಗೆ ಅಂಟಿಕೊಳ್ಳುವುದಿಲ್ಲ. ಇಷ್ಟೇ ಸಾಕು. ನಾಟಿ ವೈದ್ಯರ ಹತ್ತಿರ ಎಣ್ಣೆ ಹಚ್ಚಿಸಿ ತಿಕ್ಕಿಸು, ಕಾಲು ಎಳೆಸು ಎಂದು ಹೇಳುವ ಹಿರಿಯರು ಎಲ್ಲ ಮನೆಯಲ್ಲೂ ಇರುತ್ತಾರೆ. ಅವರ ಪ್ರೀತಿ ದೊಡ್ಡದು, ಆದರೆ ಈ ಕಾಲಿಗೆ ಎಳೆಯುವ ಚಿಕಿತ್ಸೆ ಆಗದು.

ಬೂಟು ಬಿಚ್ಚಿದ ಮೇಲೆ: ಆರರಿಂದ ಹನ್ನೆರಡು ವಾರ

ಎಲ್ಲಕ್ಕಿಂತ ಜಾಸ್ತಿ ಎಚ್ಚರ ಬೇಕಾದ ಕಾಲ ಇದು. ನೋವು ಇರುವುದಿಲ್ಲ, ಬೂಟು ಹೋಗಿರುತ್ತದೆ, ಮನಸ್ಸು ಹಗುರ. ಆದರೆ ಟೆಂಡನ್ ಇನ್ನೂ ಎಳಸು. ಮತ್ತೆ ಹರಿಯುವ ಘಟನೆಗಳು ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲೇ ಆಗುತ್ತವೆ. ಅದೂ ವ್ಯಾಯಾಮ ಮಾಡುವಾಗ ಕಡಿಮೆ. ಒದ್ದೆ ನೆಲದಲ್ಲಿ ಜಾರಿದಾಗ, ಮೆಟ್ಟಿಲು ತಪ್ಪಿದಾಗ, ಹೊರಡುತ್ತಿರುವ ಬಸ್ಸಿಗೆ ಎರಡು ಹೆಜ್ಜೆ ಓಡಿದಾಗ ಆಗುತ್ತವೆ.

ನಮ್ಮ ಮನೆಗಳಲ್ಲಿ ಇನ್ನೊಂದು ತೊಂದರೆ ಇದೆ. ಬೂಟು ಬಿಟ್ಟ ಮೇಲೆ ಶೂ ಒಳಗೆ ಸುಮಾರು ಒಂದು ಸೆಂ.ಮೀ. ಎತ್ತರದ ಹಿಮ್ಮಡಿ ಪ್ಯಾಡ್ ಇಡಲು ಹೇಳುತ್ತಾರೆ. ಆದರೆ ನಾವು ಶೂ ಬಿಡುವುದು ಬಾಗಿಲ ಹೊರಗೆ, ಅಲ್ವಾ? ದಿನದ ಬಹುಪಾಲು ಬರಿಗಾಲಲ್ಲೇ ಇರುತ್ತೇವೆ. ಪ್ಯಾಡ್ ಹೊಸ್ತಿಲಾಚೆ ಉಳಿದುಬಿಡುತ್ತದೆ. ಅದಕ್ಕೆ ಒಂದು ಜೊತೆ ಹೊಸ ಶೂ ಮನೆಯೊಳಗೆ ಮಾತ್ರ ಎಂದು ಇಟ್ಟುಕೊಳ್ಳಿ. ಅಮ್ಮನಿಗೆ ಮೊದಲೇ ಹೇಳಿ ಒಪ್ಪಿಸಿ. ದೇವಸ್ಥಾನಕ್ಕೆ ಹೋಗುವುದನ್ನು ಎರಡು ತಿಂಗಳು ಮುಂದೆ ಹಾಕಿದರೂ ತಪ್ಪಿಲ್ಲ.

ಕುಕ್ಕರಗಾಲಲ್ಲಿ ಕೂರುವುದು ಇನ್ನೂ ದೊಡ್ಡ ವಿಷಯ. ಹಿಮ್ಮಡಿ ನೆಲಕ್ಕೆ ಊರಿ ಕುಕ್ಕರಗಾಲು ಹಾಕಿದಾಗ ಪಾದ ತುಂಬಾ ಬಗ್ಗುತ್ತದೆ, ಟೆಂಡನ್ ಪೂರ್ತಿ ಎಳೆಯಲ್ಪಡುತ್ತದೆ. ಹಾಗಾಗಿ ಇಂಡಿಯನ್ ಟಾಯ್ಲೆಟ್ ಬೇಡ. ಮನೆಯಲ್ಲಿ ಅದೊಂದೇ ಇದ್ದರೆ, ಅದರ ಮೇಲೆ ಇಡುವ ಕಮೋಡ್ ಕುರ್ಚಿ ಮೆಡಿಕಲ್ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ, ಬಾಡಿಗೆಗೂ ಕೊಡುತ್ತಾರೆ. ಸರ್ಜರಿಗೆ ಮುಂಚೆಯೇ ತಂದಿಟ್ಟರೆ ಒಳ್ಳೆಯದು.

ನಡೆಯುವುದನ್ನು ಹೊಸದಾಗಿ ಕಲಿಯಬೇಕು. ಹಿಮ್ಮಡಿ ಮೊದಲು ಊರಿ, ಪಾದ ಉರುಳಿಸಿ, ಉಂಗುಟದಿಂದ ನೆಲ ತಳ್ಳಿ. ಮೊದಮೊದಲು ಹೆಜ್ಜೆ ಚಿಕ್ಕದಿರಲಿ. ಒಂದೇ ಊರುಗೋಲು ಹಿಡಿಯುವಾಗ ಅದು ಒಳ್ಳೆಯ ಕಾಲಿನ ಕಡೆಯ ಕೈಯಲ್ಲಿರಲಿ. ಕುಂಟದೆ ನಡೆಯಲು ಬಂದ ಮೇಲೆ ಅದನ್ನು ಬಿಡಿ. ಕುಂಟುತ್ತಾ ಎರಡು ಕಿಲೋಮೀಟರ್ ನಡೆಯುವುದಕ್ಕಿಂತ ಸರಿಯಾಗಿ ಇನ್ನೂರು ಮೀಟರ್ ನಡೆಯುವುದು ಮೇಲು.

ಈ ಆರು ವಾರದಲ್ಲಿ ಬಲದ ಕೆಲಸ ಹೀಗೆ ಏರುತ್ತದೆ.

ಮೊದಲು ರಬ್ಬರ್ ಬ್ಯಾಂಡ್. ಕಾಲು ಚಾಚಿ ಕೂತು ಬ್ಯಾಂಡ್ ಅನ್ನು ಅಂಗಾಲಿನ ಮುಂಭಾಗಕ್ಕೆ ಸುತ್ತಿ ಎರಡು ತುದಿ ಕೈಯಲ್ಲಿ ಹಿಡಿಯಿರಿ. ಪಾದದಿಂದ ಕೆಳಕ್ಕೆ ತಳ್ಳಿ, ಮೂರು ಎಣಿಸುತ್ತಾ ವಾಪಸ್ ಬನ್ನಿ. ಬ್ಯಾಂಡ್ ನಿಮ್ಮ ಪಾದವನ್ನು 90 ಡಿಗ್ರಿ ದಾಟಿ ಎಳೆಯದಂತೆ ಕೈ ಸಡಿಲಿಸಿ. 15 ಸಲ, ಮೂರು ಸುತ್ತು.

ಜೊತೆಗೆ ಕೂತು ಹಿಮ್ಮಡಿ ಎತ್ತುವುದು. ಕುರ್ಚಿಯಲ್ಲಿ ಕೂತು, ಪಾದ ನೆಲಕ್ಕಿಟ್ಟು, ಹಿಮ್ಮಡಿ ಎತ್ತಿ ಒಂದು ಕ್ಷಣ ನಿಂತು ಇಳಿಸಿ. ಸುಲಭವಾದಾಗ ಮಂಡಿಯ ಮೇಲೆ ತೂಕ ಇಡಿ. ನಾನು 2 ಕಿಲೋ ಅಕ್ಕಿ ಚೀಲದಿಂದ ಶುರು ಮಾಡಿ, 5 ಕಿಲೋಗೆ ಹೋಗಿ, ಆಮೇಲೆ 10 ಕಿಲೋ ಚೀಲ ಇಟ್ಟುಕೊಳ್ಳುತ್ತಿದ್ದೆ. ಮಂಡಿ ಮಡಚಿದಾಗ ಕೆಲಸ ಮಾಡುವುದು ಮೀನಖಂಡದ ಒಳಗಿನ ಪದರ. ನಿಂತಾಗ ಮೇಲಿನ ಪದರವೂ ಸೇರುತ್ತದೆ. ಎರಡಕ್ಕೂ ಒಂದೇ ಟೆಂಡನ್, ಹಾಗಾಗಿ ಎರಡೂ ಬೇಕು.

ಎಂಟು ಹತ್ತನೇ ವಾರಕ್ಕೆ, ಫಿಸಿಯೋ ಒಪ್ಪಿದ ಮೇಲೆ, ಎರಡೂ ಕಾಲಲ್ಲಿ ನಿಂತು ತುದಿಗಾಲು. ಅಡುಗೆಮನೆ ಕಟ್ಟೆ ಇದಕ್ಕೆ ಸರಿಯಾದ ಎತ್ತರ. ಎರಡು ಕೈ ಊರಿ, ಮೊದಲು ಮುಕ್ಕಾಲು ಭಾರ ಒಳ್ಳೆಯ ಕಾಲಿಗೆ ಕೊಡಿ. ನೇರ ಮೇಲಕ್ಕೆ ಏಳಿ, ಮುಂದಕ್ಕೆ ವಾಲಬೇಡಿ. ಭಾರ ಕಿರುಬೆರಳಿನ ಕಡೆ ಜಾರದೆ ಉಂಗುಟದ ಬುಡದಲ್ಲಿ ಇರಲಿ. ದಿನ ಕಳೆದಂತೆ ಅರ್ಧರ್ಧಕ್ಕೆ ಬನ್ನಿ. 10 ಸಲ, ಮೂರು ಸುತ್ತು, ಒಂದು ದಿನ ಬಿಟ್ಟು ಒಂದು ದಿನ.

ಗೋಡೆ ಪಕ್ಕ ಒಂಟಿ ಕಾಲಲ್ಲಿ 30 ಸೆಕೆಂಡ್ ನಿಲ್ಲುವುದು, ಮಲಗಿ ಸೊಂಟ ಎತ್ತುವುದು, ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ವ್ಯಾಯಾಮದ ಸೈಕಲ್ ತುಳಿಯುವುದು, ಎದೆಮಟ್ಟದ ನೀರಿನಲ್ಲಿ ನಡೆಯುವುದು ಇವೆಲ್ಲ ಸೇರಿಸಬಹುದು. ಗೇರ್ ಬೈಕ್ ಬೇಡ. ಎಡಗಾಲಾದರೆ ಗೇರ್ ಎತ್ತುವುದು, ಸಿಗ್ನಲ್‌ನಲ್ಲಿ ಕಾಲು ಊರುವುದು, ಬಲಗಾಲಾದರೆ ಬ್ರೇಕ್, ಎಲ್ಲವೂ ಈ ಟೆಂಡನ್‌ಗೆ ಭಾರ. ಕಾರನ್ನೂ ಸರ್ಜನ್ ಒಪ್ಪಿದ ಮೇಲೆಯೇ ಓಡಿಸಿ.

ಎಳೆಯಬೇಡಿ

ಎಂಟನೇ ವಾರದಲ್ಲಿ ನನ್ನ ಕಾಲು ಮರದ ಹಾಗೆ ಬಿಗಿಯಾಗಿತ್ತು. ಬಿಗಿ ಎಂದರೆ ಕೆಟ್ಟದ್ದು, ಸ್ಟ್ರೆಚ್ ಮಾಡಿದರೆ ಸರಿಹೋಗುತ್ತದೆ ಎಂದುಕೊಂಡೆ. ನಾಲ್ಕು ದಿನ ಗೋಡೆಗೆ ಕೈ ಕೊಟ್ಟು, ಕಾಲು ಹಿಂದಿಟ್ಟು ಎಳೆದೆ. ಹಿತವಾಗಿತ್ತು. ಫಿಸಿಯೋಗೆ ಹೇಳಿದಾಗ ಅವರ ಮುಖ ಬದಲಾಯಿತು. ಆ ಬಿಗಿಯೇ ಟೆಂಡನ್ ಗಟ್ಟಿಯಾಗಿ ಕೂಡುತ್ತಿರುವ ಗುರುತು, ಅದನ್ನು ಕಾಪಾಡಿಕೊಳ್ಳಿ ಎಂದರು. ಇವತ್ತಿಗೂ ಎಡ ಹಿಮ್ಮಡಿ ಬಲದಕ್ಕಿಂತ ಸುಮಾರು ಒಂದು ಸೆಂ.ಮೀ. ಕಡಿಮೆ ಏಳುತ್ತದೆ. ಆ ನಾಲ್ಕು ದಿನವೇ ಕಾರಣ ಎಂದು ಹೇಳಲಾರೆ. ಆದರೆ ಈ ಬರಹ ಬರೆಯಲು ಕೂತದ್ದು ಅದಕ್ಕಾಗಿಯೇ.

ಹನ್ನೆರಡು ವಾರದವರೆಗೆ ಮೀನಖಂಡದ ಸ್ಟ್ರೆಚ್ ಬೇಡ. ಮೆಟ್ಟಿಲಂಚಿನಲ್ಲಿ ಹಿಮ್ಮಡಿ ಇಳಿಬಿಡುವುದು ಬೇಡ. ಸೂರ್ಯನಮಸ್ಕಾರದಲ್ಲಿ ಸೊಂಟ ಎತ್ತಿ ಹಿಮ್ಮಡಿ ನೆಲಕ್ಕೆ ಒತ್ತುವ ಭಂಗಿ ಬೇಡ. ದಿನನಿತ್ಯದ ನಡಿಗೆಯಿಂದಲೇ ಪಾದ ತಾನಾಗಿ ಬಗ್ಗಲು ಶುರುವಾಗುತ್ತದೆ. ಆಮೇಲೂ ನಿಜವಾಗಿ ಬಿಗಿ ಇದೆ ಎಂದು ಫಿಸಿಯೋ ಅಳೆದು ಹೇಳಿದರೆ ಮಾತ್ರ ಮೆಲ್ಲಗೆ ಮಾಡಿ.

ಉದ್ದವಾಗಿದೆಯೇ ಎಂದು ಮನೆಯಲ್ಲೇ ನೋಡುವ ಒಂದು ದಾರಿ ಇದೆ. ಬೋರಲು ಮಲಗಿ ಎರಡೂ ಮಂಡಿ 90 ಡಿಗ್ರಿ ಮಡಚಿ, ಪಾದಗಳನ್ನು ಪೂರ್ತಿ ಸಡಿಲ ಬಿಡಿ. ಮನೆಯವರು ಪಕ್ಕದಿಂದ ಫೋಟೋ ತೆಗೆಯಲಿ. ಸಹಜವಾಗಿ ಎರಡೂ ಪಾದ ಸ್ವಲ್ಪ ಚೂಪಾಗಿ ಮೇಲ್ಮುಖವಾಗಿ ನಿಲ್ಲುತ್ತವೆ. ಆಪರೇಷನ್ ಆದ ಪಾದ ಇನ್ನೊಂದರಷ್ಟೇ ಅಥವಾ ಅದಕ್ಕಿಂತ ಸ್ವಲ್ಪ ಜಾಸ್ತಿ ಚೂಪಾಗಿದ್ದರೆ ಒಳ್ಳೆಯದು. ಅದು ಮುಂಗಾಲು ನೆಲದ ಕಡೆಗೆ ಚಪ್ಪಟೆಯಾಗಿ ಬಿದ್ದುಕೊಂಡರೆ ಫೋಟೋ ತೆಗೆದುಕೊಂಡು ಹೋಗಿ ಸರ್ಜನ್‌ಗೆ ತೋರಿಸಿ. ಎರಡು ವಾರಕ್ಕೊಮ್ಮೆ ಇದೇ ಫೋಟೋ ತೆಗೆಯಿರಿ.

ಟಪ್ ಎಂದು ಶಬ್ದ ಬಂದರೆ, ಇದ್ದಕ್ಕಿದ್ದಂತೆ ನೆಲ ತಳ್ಳುವ ಬಲ ಹೋದರೆ, ನೋವಿಲ್ಲದಿದ್ದರೂ ಬೂಟು ಹಾಕಿಕೊಂಡು ಅದೇ ದಿನ ಆಸ್ಪತ್ರೆಗೆ ಹೋಗಿ.

ಮೂರು ತಿಂಗಳ ಮೇಲೆ: ಒಂದೇ ಕಾಲಲ್ಲಿ ಏಳುವುದು

ಇಲ್ಲಿಂದ ಕೆಲಸ ಒಂದೇ, ಆದರೆ ಉದ್ದ. ಒಂಟಿ ಕಾಲಲ್ಲಿ ತುದಿಗಾಲು.

ಮೊದಲ ಹಂತ, ಎರಡು ಕಾಲಲ್ಲಿ ಏಳಿ, ಮೇಲಿರುವಾಗಲೇ ಭಾರವನ್ನು ಆಪರೇಷನ್ ಆದ ಕಾಲಿಗೆ ಸರಿಸಿ, ಮೂರು ಎಣಿಸುತ್ತಾ ಇಳಿಯಿರಿ. ಹಿಮ್ಮಡಿ ಧಡ್ ಎಂದು ಬಿದ್ದರೆ ಭಾರ ಜಾಸ್ತಿಯಾಯಿತು ಎಂದರ್ಥ. ಕೈಯನ್ನು ಕಟ್ಟೆಗೆ ಇನ್ನಷ್ಟು ಊರಿ. 8 ಸಲದಿಂದ 15ಕ್ಕೆ ಬರಲು ನನಗೆ ಐದು ವಾರ ಹಿಡಿಯಿತು. ಆಮೇಲೆ ಒಂಟಿ ಕಾಲಲ್ಲೇ ಏಳಲು ಪ್ರಯತ್ನಿಸಿ. ಮೊದಲು ಒಂದು ಇಂಚು ಮಾತ್ರ ಏಳುತ್ತದೆ. ಕೆಲವರಿಗೆ ಅಷ್ಟೂ ಏಳುವುದಿಲ್ಲ. ನಾಲ್ಕನೇ ತಿಂಗಳಲ್ಲಿ ಹೀಗಿರುವುದು ಸಾಮಾನ್ಯ, ಹೆದರಬೇಡಿ. ಎತ್ತರ ಮುಖ್ಯ, ಸಂಖ್ಯೆ ಆಮೇಲೆ. ಗೋಡೆ ಮೇಲೆ ಪೆನ್ಸಿಲಿನಿಂದ ಒಳ್ಳೆಯ ಕಾಲಿನ ಎತ್ತರ ಗುರುತು ಹಾಕಿ, ಈ ಕಾಲು ಅದರತ್ತ ಎಷ್ಟು ಬರುತ್ತಿದೆ ನೋಡಿ.

ಎಷ್ಟು ನೋವು ಸರಿ? ಹತ್ತಕ್ಕೆ ಮೂರರಷ್ಟು ನೋವು ಬಂದು, ಮರುದಿನ ಬೆಳಿಗ್ಗೆಗೆ ಇಳಿದರೆ ತೊಂದರೆ ಇಲ್ಲ. ಬೆಳಿಗ್ಗೆ ಊತ ಜಾಸ್ತಿ ಇದ್ದರೆ, ಮಂಚದಿಂದ ಇಳಿದ ಮೊದಲ ಹೆಜ್ಜೆ ನಿನ್ನೆಗಿಂತ ನೋವಾದರೆ ಒಂದು ಹಂತ ಹಿಂದೆ ಹೋಗಿ. ಟೆಂಡನ್ ದಪ್ಪವಾಗಿ ಕೈಗೆ ಸಿಗುವುದು ಮಾಮೂಲಿ. ಅದು ಬಹಳ ಕಾಲ ಹಾಗೇ ಇರುತ್ತದೆ.

ಮಂಡಿಚಿಪ್ಪಿನ ಕೆಳಗೆ 10 ಸೆಂ.ಮೀ. ಅಳೆದು, ಟೇಪಿನಿಂದ ಎರಡೂ ಮೀನಖಂಡದ ಸುತ್ತಳತೆ ತಿಂಗಳಿಗೊಮ್ಮೆ ಬರೆದಿಡಿ. ವ್ಯತ್ಯಾಸ ಪೂರ್ತಿ ಹೋಗದಿರಬಹುದು, ಆದರೆ ಕಡಿಮೆಯಾಗುತ್ತಾ ಬರಬೇಕು. ಊಟದಲ್ಲಿ ಮೊಟ್ಟೆ, ಹುರುಳಿ, ಹೆಸರುಕಾಳು, ಮೊಸರು ಜಾಸ್ತಿ ಇರಲಿ. ಬರೀ ಅನ್ನ ಸಾರಿನಿಂದ ಮೀನಖಂಡ ತುಂಬುವುದಿಲ್ಲ.

ಓಟ, ಜಿಗಿತ, ಆಟ

ಇಲ್ಲಿ ಕ್ಯಾಲೆಂಡರ್ ನೋಡಬೇಡಿ, ಕಾಲು ನೋಡಿ. ಕುಂಟದೆ 30 ನಿಮಿಷ ಬಿರುಸಾಗಿ ನಡೆಯಲು ಬರಬೇಕು. ಒಂಟಿ ಕಾಲಲ್ಲಿ ಹತ್ತು ಸಲವಾದರೂ ಒಳ್ಳೆಯ ಎತ್ತರಕ್ಕೆ ಏಳಬೇಕು. ಸಾಮಾನ್ಯವಾಗಿ ಇದು ನಾಲ್ಕರಿಂದ ಆರು ತಿಂಗಳ ಮಧ್ಯೆ ಬರುತ್ತದೆ. ಆಗ ಸಮತಟ್ಟಾದ ಜಾಗದಲ್ಲಿ 1 ನಿಮಿಷ ಓಟ, 2 ನಿಮಿಷ ನಡಿಗೆ, ಹೀಗೆ ಆರು ಸಲ. ಒಂದು ದಿನ ಬಿಟ್ಟು ಒಂದು ದಿನ. ಏರುದಾರಿ ಬೇಡ, ಅಲ್ಲಿ ಟೆಂಡನ್ ಜಾಸ್ತಿ ಎಳೆಯುತ್ತದೆ.

ಬಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟ್‌ಗೆ 2013ರ ಏಪ್ರಿಲ್ 12ರಂದು ಅಕಿಲಿಸ್ ಹರಿಯಿತು. ಅದೇ ಕಾಲಲ್ಲಿ ನಿಂತು ಎರಡು ಫ್ರೀ ಥ್ರೋ ಹಾಕಿಯೇ ಅವರು ಹೊರನಡೆದರು. ಡಿಸೆಂಬರ್ 8ಕ್ಕೆ ಮತ್ತೆ ಅಂಗಳದಲ್ಲಿದ್ದರು, 240 ದಿನಕ್ಕೆ. ಆರು ಪಂದ್ಯ ಆಡಿದ ಮೇಲೆ ಮಂಡಿಯ ಮೂಳೆ ಮುರಿಯಿತು. ಇನ್ನೊಬ್ಬ ಬಾಸ್ಕೆಟ್‌ಬಾಲ್ ಆಟಗಾರ ಕೆವಿನ್ ಡುರಾಂಟ್‌ಗೆ 2019ರ ಜೂನ್‌ನಲ್ಲಿ ಹರಿಯಿತು. ಅವರು ಒಂದು ಇಡೀ ಸೀಸನ್ ಬಿಟ್ಟು, 2020ರ ಡಿಸೆಂಬರ್‌ನಲ್ಲಿ ಬಂದು ಮತ್ತೆ ಮೊದಲಿನಂತೆಯೇ ಆಡಿದರು. ಇಬ್ಬರಿಗೂ ದಿನವಿಡೀ ಜೊತೆಗೆ ತರಬೇತುದಾರರಿದ್ದರು. ನಮಗೆ ಆಫೀಸು, ಮನೆ, ಟ್ರಾಫಿಕ್ ಎಲ್ಲ ಇದೆ. ಇನ್ನಷ್ಟು ಸಮಯ ಕೊಡುವುದರಲ್ಲಿ ನಾಚಿಕೆ ಏನೂ ಇಲ್ಲ.

ಜಿಗಿತ ಎರಡು ಕಾಲಿನ ಸ್ಕಿಪ್ಪಿಂಗ್‌ನಿಂದ ಶುರುವಾಗಲಿ, 20 ಜಿಗಿತ, ಮೂರು ಸುತ್ತು. ಆಮೇಲೆ ಪಕ್ಕಕ್ಕೆ, ಮುಂದಕ್ಕೆ, ಕೊನೆಗೆ ಒಂಟಿ ಕಾಲಲ್ಲಿ. ಬ್ಯಾಡ್ಮಿಂಟನ್, ಕ್ರಿಕೆಟ್, ಫುಟ್‌ಬಾಲ್ ಆಡುವವರು ಒಂಟಿ ಕಾಲಲ್ಲಿ 25 ಸಲ ಏಳಲು ಬರುವವರೆಗೆ, ಅಥವಾ ಒಳ್ಳೆಯ ಕಾಲಿನ ಶೇ. 90ರಷ್ಟಾದರೂ ಆಗುವವರೆಗೆ ಕಾಯಿರಿ. ಹೆಚ್ಚಿನವರಿಗೆ ಒಂಬತ್ತರಿಂದ ಹನ್ನೆರಡು ತಿಂಗಳು ಬೇಕು.

ನಾನು ಮೊದಲ ಎರಡು ವಾರ ಶಟಲ್ ಇಲ್ಲದೆ ಬರೀ ಕಾಲಿನ ಚಲನೆ ಮಾಡಿದೆ. ಆಮೇಲೆ ಎದುರಾಳಿ ಒಂದೇ ಜಾಗಕ್ಕೆ ಹಾಕುವ ಶಟಲ್, ಇಪ್ಪತ್ತು ನಿಮಿಷ. ನಂತರ ಡಬಲ್ಸ್, ಹಿಂದಿನ ಅಂಗಳ ಜೊತೆಗಾರರಿಗೆ ಬಿಟ್ಟು. ಇದ್ದಕ್ಕಿದ್ದಂತೆ ಹಿಂದೆ ಓಡಿ ಮತ್ತೆ ಮುಂದೆ ನುಗ್ಗುವ ಹೆಜ್ಜೆಯನ್ನು ಎಲ್ಲಕ್ಕಿಂತ ಕೊನೆಗೆ ಸೇರಿಸಿದೆ. ಸಿಂಗಲ್ಸ್ ಇನ್ನೂ ಶುರು ಮಾಡಿಲ್ಲ. ಆಟಕ್ಕೆ ಮುಂಚೆ ಹತ್ತು ನಿಮಿಷ ಮೈ ಬಿಸಿ ಮಾಡಿ, ಕೋರ್ಟಿನ ಪಕ್ಕದ ಕಂಬ ಹಿಡಿದು ಎರಡೂ ಕಾಲಲ್ಲಿ 15 ಸಲ, ಎಡಗಾಲಲ್ಲಿ 10 ಸಲ ತುದಿಗಾಲು ಎತ್ತುತ್ತೇನೆ. ಹತ್ತನೆಯದು ಸರಿಯಾಗಿ ಏಳದ ದಿನ ರಾಕೆಟ್ ಚೀಲದಿಂದ ಹೊರಗೆ ತೆಗೆಯುವುದಿಲ್ಲ.